ಮುಳ್ಳು ಕೆಳಗಿಳಿದ ಮಧ್ಯಾಹ್ನ

ಏಪ್ರಿಲ್ ಎರಡನೇ ವಾರ. ಗದಗ ಎಪಿಎಂಸಿಯಲ್ಲಿ 30 ಚೀಲ ಕಡಲೆ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೊರಟಿದ್ದೆ. ಚೀಲಕ್ಕೆ 50 ಕೆಜಿ, ಅಂದರೆ ಒಟ್ಟು ಒಂದೂವರೆ ಟನ್. ನನ್ನ ಪಿಕಪ್‌ಗೆ ಅದೇನೂ ಹೊಸ ಭಾರ ಅಲ್ಲ. ನಾಲ್ಕು ಸಿಲಿಂಡರಿನ ಡೀಸೆಲ್ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಬೆಳಿಗ್ಗೆ ತಂಪಿನಲ್ಲೇ ಹೊರಡಬೇಕಿತ್ತು. ಹಮಾಲರು ಸಿಗುವುದು ತಡವಾಯಿತು. ಹುಲಕೋಟಿ ದಾಟುವಾಗ ಮಧ್ಯಾಹ್ನ ಒಂದು ಗಂಟೆ. ಎರಡೂ ಬದಿ ಬರೀ ಎರೆ ಹೊಲ, ನೆರಳಿಗೆ ಒಂದು ಗಿಡ ಬೇಕೆಂದರೆ ಹುಡುಕಬೇಕು.

ಅಣ್ಣಿಗೇರಿ ಹತ್ತಿರ ಬಂದಾಗ ಟೆಂಪರೇಚರ್ ಮುಳ್ಳು ನಡುವಿನ ಗೆರೆ ಬಿಟ್ಟು ಮೇಲೆ ಹೋಯಿತು. ಅದೂ ನನಗೆ ಹೊಸದಲ್ಲ. ಎರಡು ತಿಂಗಳಿಂದ ಹೀಗೇ ಆಗುತ್ತಿತ್ತು. ನಿಲ್ಲಿಸೋದು, ನೀರು ಹಾಕೋದು, ಹೋಗೋದು. ಸೀಟಿನ ಹಿಂದೆ ಐದು ಲೀಟರಿನ ಕ್ಯಾನ್ ಕಾಯಂ ಇರುತ್ತಿತ್ತು. ಆವತ್ತು ಅದು ಖಾಲಿ.

ಊರು ದಾಟಿದ ಮೇಲೆ ಒಂದು ಚಹಾದ ಗುಡಿಸಲು ಕಂಡಿತು. ನಿಲ್ಲಿಸಿದೆ. ಬಾನೆಟ್ ಎತ್ತಿದರೆ ಒಳಗೆ ಕುಕ್ಕರ್ ಕೂಗುವ ಹಾಗೆ ಸದ್ದು. ಹತ್ತು ನಿಮಿಷ ಕಾದಿರಬೇಕು, ಅಷ್ಟೇ. ಅಮರಗೋಳದಿಂದ ದಲಾಲಿ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದರು. ಒದ್ದೆ ಗೋಣಿಚೀಲ ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಕುದಿಯುವ ನೀರು ಮೂರು ಅಡಿ ಮೇಲಕ್ಕೆ ಚಿಮ್ಮಿತು. ಮಣಿಕಟ್ಟಿನ ಮೇಲೆ ಬಿದ್ದ ಕಲೆ ಇನ್ನೂ ಹಾಗೇ ಇದೆ.

ಗುಡಿಸಲಿನ ಆಯಿ ಕೊಡ ಕೊಟ್ಟಳು. ಕೊಡುತ್ತಲೇ ಒಂದು ಮಾತು ಅಂದಳು: "ಸ್ವಲ್ಪ ತಡ್ಯೋ ಯಪ್ಪಾ, ಇನ್ನಾ ಹೊಗಿ ಬರಾಕತ್ತೈತಿ."

ನಾನು ತಡೆಯಲಿಲ್ಲ. ತಂಪು ಕೊಡದ ನೀರನ್ನು ಹಾಗೇ ಸುರಿದೆ. ಎಲ್ಲೋ ಒಳಗಿನಿಂದ 'ಟಕ್' ಅಂತ ಒಂದು ಸಣ್ಣ ಸದ್ದು ಕೇಳಿತು. ರೊಟ್ಟಿ ಹಂಚು ಬಿರಿದಾಗ ಬರುತ್ತದಲ್ಲ, ಅಂಥದ್ದು. ಬಿಸಿ ಕಬ್ಬಿಣದ ಸದ್ದು ಇರಬೇಕು ಅಂದುಕೊಂಡೆ.

ಮತ್ತೆ ಹೊರಟೆ. ಮೂರ್ನಾಲ್ಕು ಕಿಲೋಮೀಟರಿಗೆ ಮುಳ್ಳು ಮತ್ತೆ ಕೆಂಪು ಗೆರೆ ಮುಟ್ಟಿತು. ಇನ್ನೇನು ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಸರ್ರನೆ ಕೆಳಗೆ ಇಳಿಯಿತು. ತೀರಾ ತಣ್ಣಗಿನ ಗುರುತಿಗೆ ಬಂದು ನಿಂತಿತು. ನನಗೆ ಎಷ್ಟು ಸಮಾಧಾನ ಆಯಿತೆಂದರೆ ರೇಡಿಯೋ ಹಾಕಿದೆ. ನಲವಡಿ ಇನ್ನೂ ಬಂದಿರಲಿಲ್ಲ, ಇಂಜಿನ್ ಎಳೆಯುವುದನ್ನು ಬಿಟ್ಟಿತು. ಕಟಕಟ ಸದ್ದು, ಹಿಂದೆ ಮೋಡದಂಥ ಬಿಳಿ ಹೊಗೆ. ಆಮೇಲೆ ತಾನೇ ನಿಂತಿತು. ಕಡಲೆಯನ್ನು ಬೇರೆ ಗಾಡಿಗೆ ಹಾಕಿಸಿ, ನನ್ನದನ್ನು ಟೋ ಮಾಡಿಸಿಕೊಂಡು ಹಳೇ ಹುಬ್ಬಳ್ಳಿ ಮುಟ್ಟುವಾಗ ರಾತ್ರಿ ಎಂಟು.

ಗ್ಯಾರೇಜಿನ ಚಾಚಾ ನನಗೆ ಹತ್ತು ವರ್ಷದಿಂದ ಪರಿಚಯ. ನಡೆದದ್ದನ್ನೆಲ್ಲ ಹೇಳಿದೆ. ಮುಳ್ಳು ಇಳಿದ ಮಾತು ಬಂದಾಗ ಅವರು ಬೀಡಿ ಕೆಳಗೆ ಇಟ್ಟರು.

"ಮುಳ್ಳು ಕೆಳಗ ಬಂತಂತ ಖುಷಿಪಟ್ಟಿಯೇನು ತಮ್ಮಾ? ಒಳಗ ನೀರೇ ಇಲ್ದ ಮ್ಯಾಲ ಅದು ಯಾವುದರ ಬಿಸಿ ತೋರಸ್ತೈತಿ?"

ವಿಷಯ ಇಷ್ಟೇ. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಖಾಲಿಯಾಗಿ ಅದರ ಸುತ್ತ ಗಾಳಿ, ಹಬೆ ತುಂಬಿಕೊಂಡರೆ ಅದಕ್ಕೆ ಲೋಹದ ಬಿಸಿ ಸರಿಯಾಗಿ ಮುಟ್ಟುವುದಿಲ್ಲ. ಮುಳ್ಳು ಇಳಿಯುತ್ತದೆ. ಇಂಜಿನ್ ಬೇಯುತ್ತಿರುತ್ತದೆ. ಹದಿನೈದು ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ಅಣ್ಣಿಗೇರಿ ಆದಿಕವಿ ಪಂಪ ಹುಟ್ಟಿದ ಊರು ಅಂತಾರೆ. ನನ್ನ ಗಾಡಿಯ ಪಂಪು ಕೈಕೊಟ್ಟದ್ದೂ ಅದೇ ಊರಲ್ಲಿ. ಆದರೆ ಅದು ಗೊತ್ತಾದದ್ದು ಏಳನೇ ದಿನ.

ಮರುದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈ ಹಚ್ಚಿದರು. ಗ್ಯಾರೇಜಿನ ಹುಡುಗ ಚಾವಿ ತಿರುಗಿಸಲು ಹೋದ. "ಏಯ್, ಸೆಲ್ಫ್ ಹೊಡಿಬ್ಯಾಡ!" ಅಂತ ಚಾಚಾ ಕೂಗಿದರು. ಸಿಲಿಂಡರ್ ಒಳಗೆ ನೀರು ಇಳಿದಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಗ ಬಾಗುವುದು ಕನೆಕ್ಟಿಂಗ್ ರಾಡ್. ಹೆಡ್, ಅಂದರೆ ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ, ಅದರ ಖರ್ಚಿನ ಜೊತೆ ಇಡೀ ಇಂಜಿನ್ ಬಿಚ್ಚುವ ಖರ್ಚು.

ಸಿಲಿಂಡರ್ ಬಿಸಿ ಮಾಡುವ ನಾಲ್ಕೂ ಗ್ಲೋ ಪ್ಲಗ್ ಬಿಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಸೆಲ್ಫ್ ಹೊಡೆದರು. ಮೂರನೇ ಸಿಲಿಂಡರಿನ ತೂತಿನಿಂದ ಪಿಚಕಾರಿ ಥರ ನೀರು ಹಾರಿತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅದರ ಒಳಗೆ ಬೆಣ್ಣೆಯಂಥ ಕಂದು ನೊರೆ. ಎಣ್ಣೆ, ನೀರು ಎರಡೂ ಕೂಡಿದ ಗುರುತು.

ಚಾಚಾ ಒಂದೊಂದೇ ಕೇಳುತ್ತ ಹೋದರು. ಬೆಳಿಗ್ಗೆ ಶುರು ಮಾಡಿದಾಗ ಬಿಳಿ ಹೊಗೆ ಜಾಸ್ತಿ ಬರ್ತಿತ್ತಾ? ಬರ್ತಿತ್ತು. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೇ ಮೇಲಿನ ಹೋಸ್ ಪೈಪ್ ಕಲ್ಲಿನ ಹಾಗೆ ಬಿಗಿ ಆಗ್ತಿತ್ತಾ? ಮುಟ್ಟಿ ನೋಡಿರಲಿಲ್ಲ. ಕೆಳಗೆ ಎಲ್ಲೂ ಹನಿ ಬೀಳದೆ ನೀರು ಕಡಿಮೆ ಆಗ್ತಿತ್ತಾ? ಹೌದು, ವಾರಕ್ಕೆ ಅರ್ಧ ಲೀಟರ್. ಅಂದರೆ ಹೆಡ್ ಆ ದಿನವೇ ಕೆಟ್ಟದ್ದಲ್ಲ. ಎರಡು ತಿಂಗಳಿಂದ ಸೋರಿ ಸೋರಿ ಹೇಳುತ್ತಿತ್ತು. ಕೊಡದ ನೀರು ಕೊನೆಯ ಪೆಟ್ಟು ಕೊಟ್ಟಿತು, ಅಷ್ಟೇ.

ಹೆಡ್ ಬಿಚ್ಚುವುದನ್ನು ನಾನು ಪೂರ್ತಿ ನಿಂತು ನೋಡಿದೆ. ಬಾಡಿಗೆ ಅಂತೂ ಇರಲಿಲ್ಲ, ಮನೆಗೆ ಹೋಗಿ ಮಾಡುವುದೇನು? ಆಯಿಲ್, ನೀರು ಇಳಿಸಿದರು. ಟೈಮಿಂಗ್ ಬೆಲ್ಟ್ ತೆಗೆಯುವ ಮೊದಲು ಪುಲ್ಲಿಗಳ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಿದರು. ಇಂಜೆಕ್ಟರ್ ಪೈಪ್ ಬಿಚ್ಚಿದ ಕೂಡಲೇ ಬಾಯಿಗೆಲ್ಲ ಪ್ಲಾಸ್ಟಿಕ್ ಕಟ್ಟಿದರು, ಡೀಸೆಲ್ ದಾರಿಯಲ್ಲಿ ಒಂದು ಕಣ ಮಣ್ಣು ಹೋದರೂ ತೊಂದರೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒಂದು ಸ್ಟಡ್ ತುಂಡಾಯಿತು. ಅದಕ್ಕೇ ಅರ್ಧ ದಿನ ಹೋಯಿತು.

ಹೆಡ್ ಬೋಲ್ಟ್ ಸಡಿಲ ಮಾಡುವುದಕ್ಕೂ ಒಂದು ಕ್ರಮ ಇದೆ. ಹೊರಗಿನವು ಮೊದಲು, ನಡುವಿನವು ಕೊನೆಗೆ. ಅದೂ ಒಂದೇ ಸಲಕ್ಕೆ ಅಲ್ಲ. ಪ್ರತಿಯೊಂದಕ್ಕೂ ಕಾಲು ಸುತ್ತು, ಮತ್ತೆ ಮೊದಲಿನಿಂದ. ಹಾಗೆ ಮಾಡದಿದ್ದರೆ ಸರಿ ಇದ್ದ ಹೆಡ್ ಕೂಡ ಬಾಗುತ್ತದಂತೆ. ಹೆಡ್ ಮೇಲಕ್ಕೆತ್ತಿದಾಗ ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಹೆಡ್ ಕೆಳಗಿನ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಸುಟ್ಟು ಕರಕಲಾಗಿತ್ತು. ಮೂರನೇ ಪಿಸ್ಟನ್ ತಲೆ ಮಾತ್ರ ತೊಳೆದಿಟ್ಟ ಪಾತ್ರೆಯಂತೆ ಫಳಫಳ. ಉಳಿದ ಮೂರೂ ಮಸಿ ಕಪ್ಪು. ಹಬೆ ಬಡಿದು ಬಡಿದು ಮಸಿಯನ್ನೆಲ್ಲ ಕಿತ್ತು ತೊಳೆದಿತ್ತು. ನೀರು ಎಲ್ಲಿ ಇಳಿಯುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಹೆಡ್ ಅನ್ನು ಗೋಣಿಯಲ್ಲಿ ಸುತ್ತಿ, ಸ್ಕೂಟರ್ ಮೇಲೆ ಇಟ್ಟುಕೊಂಡು ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ಗೆ ಹೋದೆವು. ಅಲ್ಲಿ ಒಂದು ಸಣ್ಣ ಮಷಿನ್ ಶಾಪ್. ನಡೆಸುವವರು ಕಡಿಮೆ ಮಾತಿನ ಮನುಷ್ಯ. ಹೆಡ್ ತೊಳೆದು, ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಕೆಳಗೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ನಡುವೆ 0.18 ಮಿಲಿಮೀಟರ್ ಸಂದು. ಈ ಇಂಜಿನ್‌ಗೆ 0.05 ದಾಟಬಾರದು ಅಂದರು. ನನ್ನ ಕಣ್ಣಿಗೆ ಅದು ಗಾಜಿನಷ್ಟು ನೇರ ಕಾಣುತ್ತಿತ್ತು.

ಬಾಗುವುದು ಯಾಕೆ ಅಂತ ಕೇಳಿದೆ. ಸಿಲಿಂಡರ್‌ಗಳಿರುವ ಕೆಳಗಿನ ಬ್ಲಾಕ್ ಬೀಡು ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್‌ಗೆ ಹಿಗ್ಗಬೇಕು, ಬೋಲ್ಟುಗಳು ಬಿಡುವುದಿಲ್ಲ. ಮಾಮೂಲಿ ಬಿಸಿಯಲ್ಲಿ ಇಬ್ಬರೂ ಹೊಂದಿಕೊಂಡು ಹೋಗುತ್ತಾರೆ. ಮಿತಿ ಮೀರಿದರೆ ಹೆಡ್ ನಡುವೆ ಉಬ್ಬುತ್ತದೆ. ತಣಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದೇ ಕಡೆ ತಣ್ಣೀರು ಬಿದ್ದರೆ ಆ ಭಾಗ ಮಾತ್ರ ತಟ್ಟನೆ ಕುಗ್ಗುತ್ತದೆ, ಪಕ್ಕದ್ದು ಹಿಗ್ಗಿಯೇ ಇರುತ್ತದೆ. ಬಿರಿಯದೆ ಇನ್ನೇನು ಮಾಡೀತು?

ಬಿರುಕು ಹುಡುಕಿದ್ದು ಕೆಂಪು ಬಣ್ಣದಿಂದ. ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಟ್ಟರು. ಒರೆಸಿ ಶುಚಿ ಮಾಡಿ, ಮೇಲೆ ಬಿಳಿ ಪುಡಿಯಂಥದ್ದು ಹೊಡೆದರು. ಎರಡು ನಿಮಿಷದಲ್ಲಿ ಮೂರನೇ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ ನಡುವೆ ಕುಂಕುಮದ ಎಳೆಯಂತೆ ಒಂದು ಗೆರೆ ಎದ್ದು ಬಂತು. ಹೆಡ್‌ನಲ್ಲಿ ಎಲ್ಲಕ್ಕಿಂತ ಇಕ್ಕಟ್ಟಿನ ಜಾಗ ಅದು. ಒಂದು ಕಡೆ ಹೊಗೆ ಹೋಗುವ ವಾಲ್ವ್‌ನ ಉರಿ, ಇನ್ನೊಂದು ಕಡೆ ಒಳಗೆ ಬರುವ ಗಾಳಿಯ ತಂಪು, ನಡುವೆ ಬೆರಳಗಲ ಲೋಹ. ಕೆಲವು ಡೀಸೆಲ್ ಹೆಡ್‌ಗಳಲ್ಲಿ ಅಲ್ಲಿ ಕೂದಲಿನಂಥ ಗೆರೆ ಇದ್ದರೂ ನಡೆಯುತ್ತದೆ. ನನ್ನದು ಹಾಗಿರಲಿಲ್ಲ, ನೀರಿನ ದಾರಿಯವರೆಗೂ ಇಳಿದಿತ್ತು.

ಮುಂದೆ ಮೂರು ದಾರಿ. ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಫೇಸಿಂಗ್ ಹೊಡೆಸಿ ಸಮ ಮಾಡಿ, ಅದೇ ಹೆಡ್ ಕೂರಿಸುವುದು. ಗುಜರಿಯಿಂದ ಹಳೇ ಹೆಡ್ ತರುವುದು. ಇಲ್ಲಾ ಹೊಸದು. ಮಷಿನ್ ಶಾಪಿನವರು ವೆಲ್ಡಿಂಗ್ ಬೇಡ ಅಂದರು. "ಸೀಟಿನ ನಡುವ ವೆಲ್ಡ್ ಹಿಡಿಯೂದು ಖಾತ್ರಿ ಇಲ್ರೀ. ರೊಕ್ಕ ತಗೊಂಡು ಆಮ್ಯಾಲ ಮಾತು ಕೇಳೂದು ನನಗ ಬ್ಯಾಡ." ಕೆಲಸ ಬೇಡ ಅನ್ನುವ ಅಂಗಡಿಯವರನ್ನು ನಂಬಬಹುದು ಅಂತ ನನ್ನ ಲೆಕ್ಕ.

ನಾನು ಗುಜರಿಗೆ ಹೋದೆ. ಇದು ನನ್ನ ಜಿಪುಣತನ, ಒಪ್ಪಿಕೊಳ್ಳುತ್ತೇನೆ. 11 ಸಾವಿರಕ್ಕೆ ಒಂದು ಹೆಡ್ ಸಿಕ್ಕಿತು. ನೋಡಲು ಚೊಕ್ಕ. "ನಡೀತಿದ್ದ ಗಾಡಿದು ಅಣ್ಣಾರ" ಅಂತ ಗುಜರಿಯವನು ಆಣೆ ಮಾಡಿದ. ಪರೀಕ್ಷೆಯಲ್ಲಿ ಫೇಲಾದರೆ ವಾಪಸ್ ತಗೋಬೇಕು ಅನ್ನುವ ಷರತ್ತು ಹಾಕಿ ನೇರ ಮಷಿನ್ ಶಾಪಿಗೆ ಒಯ್ದೆ. ಅಲ್ಲಿ ನೀರಿನ ತೂತುಗಳಿಗೆಲ್ಲ ರಬ್ಬರ್ ಹಾಸಿದ ಪ್ಲೇಟ್ ಬಿಗಿದರು. ಒಂದು ತೂತಿಗೆ ಗಾಳಿ ಪೈಪ್ ಕೊಟ್ಟು, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ತಣ್ಣೀರಲ್ಲಿ ಮಾಡಿದರೆ ಬಿರುಕು ಮುಚ್ಚಿಕೊಂಡೇ ಇರಬಹುದು, ಬಿಸಿಗೆ ಬಾಯಿ ಬಿಡುತ್ತದೆ ಅಂದರು. ಒಂದು ನಿಮಿಷ ಏನೂ ಇಲ್ಲ. ನನಗೆ 20 ಸಾವಿರ ಉಳಿಯಿತು ಅಂತ ಒಳಗೊಳಗೇ ಖುಷಿ. ಆಮೇಲೆ ಒಂದನೇ ಸಿಲಿಂಡರಿನ ಹತ್ತಿರದಿಂದ ಸಾಲಾಗಿ ಗುಳ್ಳೆ ಬರತೊಡಗಿದವು. ಸಣ್ಣ ಸಣ್ಣವು, ಸಾಬೂದಾನಿ ಥರ.

ಹೆಡ್ ವಾಪಸ್ ಕೊಟ್ಟೆ. ಅವನು ದುಡ್ಡು ಕೊಡಲು ಎರಡು ದಿನ ಓಡಾಡಿಸಿದ ಕಥೆ ಬೇರೆ.

ಕೊನೆಗೆ ಹೊಸದೇ ಬಂತು. 31 ಸಾವಿರ. ಬರೀ ಹೆಡ್, ಅಂದರೆ ವಾಲ್ವ್, ಸ್ಪ್ರಿಂಗ್, ಕ್ಯಾಮ್ ಶಾಫ್ಟ್ ಎಲ್ಲಾ ಹಳೆಯದರಿಂದ ಬಿಚ್ಚಿ ಇದಕ್ಕೆ ಹಾಕಬೇಕು. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜಿ ಕೂರಿಸಿದರು, ಮೂರನೇ ಸಿಲಿಂಡರಿನ ಒಂದನ್ನು ಬದಲಿಸಿದರು. ಸೀಲ್‌ಗಳು ಹೊಸವು. ಕೂರಿಸಿದ ಮೇಲೆ ಪೋರ್ಟ್‌ನಲ್ಲಿ ಡೀಸೆಲ್ ಸುರಿದು ಸೋರುತ್ತದೋ ಅಂತ ನೋಡಿದರು. ಸೋರಲಿಲ್ಲ.

ಗ್ಯಾರೇಜಿನಲ್ಲಿ ಅಷ್ಟರಲ್ಲಿ ಬ್ಲಾಕ್ ತಯಾರಾಗುತ್ತಿತ್ತು. ಅದರ ಮೇಲೂ ಪಟ್ಟಿ ಇಟ್ಟು ನೋಡಿದ್ದರು. ಪುಣ್ಯಕ್ಕೆ ನೇರ ಇತ್ತು. ಹುಡುಗ ಹಳೇ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರ್ ಎತ್ತಿಕೊಂಡ, ಚಾಚಾ ಅದನ್ನು ಕಸಿದು ಕೈಗೆ ಬ್ಲೇಡ್ ಕೊಟ್ಟರು. ಬೋಲ್ಟಿನ ತೂತುಗಳಲ್ಲಿ ನೀರು, ಎಣ್ಣೆ ನಿಂತಿತ್ತು. ಅದನ್ನೆಲ್ಲ ಗಾಳಿಯಿಂದ ಊದಿ, ಬಟ್ಟೆಯಿಂದ ಒಣಗಿಸಿದರು. ತೂತಿನ ತಳದಲ್ಲಿ ಎಣ್ಣೆ ಉಳಿದರೆ ಬೋಲ್ಟ್ ಅದರ ಮೇಲೆ ಕೂತು ಬಿಗಿ ಆದಂತೆ ಸುಳ್ಳು ತೋರಿಸುತ್ತದೆ, ಕೆಲವು ಸಲ ಬ್ಲಾಕನ್ನೇ ಸೀಳುತ್ತದೆ.

ಇನ್ನೊಂದು ಸಂಗತಿ ನನಗೆ ಪೂರ್ತಿ ಹೊಸದು. ಹೆಡ್ ಗ್ಯಾಸ್ಕೆಟ್ ಒಂದೇ ದಪ್ಪದಲ್ಲಿ ಬರುವುದಿಲ್ಲ. ಪಿಸ್ಟನ್ ತುದಿಗೆ ಬಂದಾಗ ಬ್ಲಾಕ್‌ಗಿಂತ ಎಷ್ಟು ಮೇಲೆ ಇಣುಕುತ್ತದೆ ಅಂತ ಡಯಲ್ ಗೇಜ್‌ನಿಂದ ಅಳೆದು, ಅದರ ಮೇಲೆ ಗ್ಯಾಸ್ಕೆಟ್ ದಪ್ಪ ಆರಿಸಬೇಕು. ಗ್ಯಾಸ್ಕೆಟ್ ಅಂಚಿನಲ್ಲಿ ಗುರುತಿಗೆ ಸಣ್ಣ ಕಚ್ಚುಗಳು ಇರುತ್ತವೆ. ನನ್ನದಕ್ಕೆ ಎರಡು ಕಚ್ಚಿನದು ಬೇಕಿತ್ತು. ಅಂಗಡಿಯವನು ಕೇಳದೆ ಒಂದು ಕಚ್ಚಿನದು ಕೊಟ್ಟಿದ್ದ. ಹಾಗೇ ಹಾಕಿದ್ದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಇರಬೇಕಾದ ಜಾಗ ಕಡಿಮೆ ಆಗುತ್ತಿತ್ತು.

ಬೋಲ್ಟ್‌ಗಳೂ ಹೊಸವೇ. ಈ ಬೋಲ್ಟ್ ಬಿಗಿಯುವಾಗ ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದ ಬಿಗಿಯಲ್ಲೇ ಹೆಡ್ ಹಿಡಿದಿಡುತ್ತದೆ. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಹಾಕಬಾರದು. 2,200 ರೂಪಾಯಿ ಉಳಿಸಲು ಹೋಗಬೇಡ ಅಂದರು, ಈ ಸಲ ನಾನೂ ಬಾಯಿ ಬಿಡಲಿಲ್ಲ. ಬಿಗಿಯುವ ಕ್ರಮ ಬಿಚ್ಚುವುದರ ಉಲ್ಟಾ. ನಡುವಿನಿಂದ ಶುರು, ಸುತ್ತುತ್ತ ಹೊರಗೆ. ಟಾರ್ಕ್ ಪಾನಾದಲ್ಲಿ ಮೊದಲು ಹಗುರ, ಆಮೇಲೆ ಇನ್ನಷ್ಟು, ಕೊನೆಗೆ ಎಲ್ಲಕ್ಕೂ 90 ಡಿಗ್ರಿ, ಮತ್ತೊಮ್ಮೆ 90. ಆ ಎರಡನೇ 90 ಡಿಗ್ರಿಗೆ ಬೋಲ್ಟ್ ಕಿರ್ರ್ ಅನ್ನುತ್ತಿದ್ದರೆ ನನ್ನ ಹಲ್ಲು ಕಟಕಟ. ತುಂಡಾದರೆ? ಚಾಚಾ ಮುಖದಲ್ಲಿ ಏನೂ ಇಲ್ಲ.

ಏಳನೇ ದಿನ ಹೆಡ್ ಕೂತಿತ್ತು. ನಾನು "ನಾಳೆ ಗಾಡಿ ಸಿಗುತ್ತಾ?" ಅಂತ ಕೇಳಿದೆ.

"ಹೆಡ್ ಒಡದೈತಿ, ಖರೆ. ಆದ್ರ ಯಾಕ ಒಡೀತು? ಹೊಸಾ ಹೆಡ್ಡಿಗೆ ಅದs ಹಳೇ ನೀರು ಕುಡಿಸಿದ್ರ ಆರು ತಿಂಗಳಿಗೆ ಮತ್ತ ನನ್ನ ಬಾಗಲಿಗೇ ಬರ್ತಿ."

ಎರಡು ದಿನ ಮೊದಲೇ ವಾಟರ್ ಪಂಪ್ ಬಿಚ್ಚಿ ಇಟ್ಟಿದ್ದರು, ನನಗೆ ತೋರಿಸಿರಲಿಲ್ಲ. ಈಗ ಕೈಗೆ ಕೊಟ್ಟರು. ಹೊರಗಿನಿಂದ ಏನೂ ತೊಂದರೆ ಇಲ್ಲ. ಹನಿ ಸೋರಿಲ್ಲ, ಬೇರಿಂಗ್ ಸದ್ದಿಲ್ಲ, ತಿರುಗಿಸಿದರೆ ತಿರುಗುತ್ತದೆ. ಹಿಂದೆ ತಿರುಗಿಸಿ ನೋಡಿದರೆ ನೀರು ತಳ್ಳುವ ರೆಕ್ಕೆಗಳೇ ಇಲ್ಲ. ತುಕ್ಕು ತಿಂದು ತಿಂದು ಇಲಿ ಕಡಿದ ರೊಟ್ಟಿಯ ಹಾಗೆ ಆಗಿದ್ದವು. ಪಂಪ್ ಇಷ್ಟು ದಿನ ಸುಮ್ನೆ ತಿರುಗುತ್ತಿತ್ತು, ನೀರು ಹೋಗುತ್ತಿರಲಿಲ್ಲ.

ಕಾರಣ ನಾನೇ. ಮೂರು ವರ್ಷ ಆ ಗಾಡಿಗೆ ನಾನು ಹಾಕಿದ್ದು ಬೋರ್‌ವೆಲ್ ನೀರು. ಗದಗ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಸ್ನಾನದ ಹಂಡೆ ತಳ ನೋಡಿದವರಿಗೆ ಗೊತ್ತು. ಬಿಳೀ ಹಕ್ಕಳೆ ಕಟ್ಟುತ್ತದಲ್ಲ, ಅದೇ ಇಂಜಿನ್ ಒಳಗೂ ಕಟ್ಟುತ್ತದೆ. ಕಟ್ಟಿದ ಪದರ ಬಿಸಿಯನ್ನು ನೀರಿಗೆ ದಾಟಲು ಬಿಡುವುದಿಲ್ಲ. ನೀರಿನ ಜೊತೆ ರೇಡಿಯೇಟರಿಗೆ ಹಾಕುವ ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ಬರೀ ನೀರಿನಲ್ಲಿ ಅದೂ ಇಲ್ಲ.

ರೇಡಿಯೇಟರ್ ಕಥೆ ಇನ್ನೂ ಚೆನ್ನಾಗಿದೆ. ಹಳೇ ಥರದ ತಾಮ್ರ-ಹಿತ್ತಾಳೆಯದು, ಹಾಗಾಗಿ ಬೆಸುಗೆ ಬಿಚ್ಚಿ ಒಳಗೆ ಸಲಾಕೆ ಆಡಿಸಬಹುದು. ರಾಡಿಂಗ್ ಅಂತಾರೆ. ಮೇಲಿನ ಟ್ಯಾಂಕ್ ಬಿಚ್ಚಿದರೆ ಕೊಳವೆಗಳಲ್ಲಿ ಮೂರರಲ್ಲಿ ಒಂದು ಪೂರ್ತಿ ಬಂದ್. ಸುಣ್ಣದ ಜೊತೆ ಹಳದಿ ಮುದ್ದೆ. ರೇಡಿಯೇಟರ್ ಅಂಗಡಿಯವನು ಮೂಸಿ ನೋಡಿ ನಕ್ಕ. ಅರಿಷಿಣ! ಸಣ್ಣ ಸೋರಿಕೆ ನಿಲ್ಲಿಸಲು ಅರಿಷಿಣ ಪುಡಿ ಹಾಕುವುದು ನಮ್ಮ ಕಡೆ ಡ್ರೈವರ್‌ಗಳ ಹಳೇ ಮದ್ದು. ತೂತು ಮುಚ್ಚುತ್ತದೆ, ನಿಜ. ಆದರೆ ಬೇಕಾದ ತೂತು ಯಾವುದು, ಬೇಡದ್ದು ಯಾವುದು ಅಂತ ಅರಿಷಿಣಕ್ಕೆ ಗೊತ್ತಾಗುತ್ತಾ? ನನಗಿಂತ ಮೊದಲಿನ ಮಾಲೀಕರ ಕೆಲಸ ಅದು. ಒಗ್ಗರಣೆ ಒಂದು ಬಾಕಿ ಇಟ್ಟಿದ್ದರು.

ಹೊರಗಿನ ಕೊಳೆ ಮಾತ್ರ ನನ್ನದೇ. ಹಿಂಗಾರಿನಲ್ಲಿ ಹತ್ತಿ ಅಂಡಿಗೆ ಹೊತ್ತಿದ್ದೆ, ಆಮೇಲೆ ಕಡಲೆ. ಹತ್ತಿಯ ನಾರು, ಕಡಲೆ ಹೊಟ್ಟು, ಎರೆ ಮಣ್ಣಿನ ಧೂಳು, ಮೇಲೆ ಎಣ್ಣೆ ಹನಿ. ರೇಡಿಯೇಟರಿನ ತೆಳು ತಗಡುಗಳ ನಡುವೆ ಎಲ್ಲಾ ಸೇರಿ ಕಂಬಳಿ ನೇಯ್ದಂತೆ ಆಗಿತ್ತು. ಮುಂದಿನಿಂದ ನೋಡಿದರೆ ಕಾಣುತ್ತಿರಲಿಲ್ಲ. ನಾನು ಪ್ರತಿ ವಾಷಿಂಗ್‌ನಲ್ಲೂ ಮುಂದಿನಿಂದ ನೀರು ಹೊಡೆಸಿ ಅದನ್ನು ಇನ್ನೂ ಒಳಕ್ಕೆ ತುರುಕಿದ್ದೆ. ಹೊಡೆಯಬೇಕಾದದ್ದು ಇಂಜಿನ್ ಕಡೆಯಿಂದ ಹೊರಗೆ, ಅದೂ ಹಗುರ ಒತ್ತಡದಲ್ಲಿ. ಜೋರಾದರೆ ತಗಡು ಮಡಚಿಕೊಳ್ಳುತ್ತದೆ.

ಇಲ್ಲಿಯವರೆಗೆ ಚಾಚಾ ಹೇಳಿದ್ದೆಲ್ಲ ಕೇಳಿದೆ. ಜಗಳ ಆದದ್ದು ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ನೀರಿನ ದಾರಿ ತೆರೆದು ಮುಚ್ಚುವ ಕವಾಟದ ವಿಷಯದಲ್ಲಿ. ಅದು ಗಾಡಿಯಲ್ಲಿ ಇರಲೇ ಇಲ್ಲ. ಯಾರೋ ಯಾವಾಗಲೋ ಕಿತ್ತು ಹಾಕಿದ್ದರು. ಚಾಚಾ ಕೂಡ "ಬಿಡು, ಅದು ಹಾಕಬ್ಯಾಡ. ನಮ್ಮ ಬಿಸಿಲಿಗೆ ಬೇಕಾಗಿಲ್ಲ. ತಂಪ ಇರ್ತೈತಿ" ಅಂದರು. ನಮ್ಮ ಕಡೆ ಹತ್ತರಲ್ಲಿ ಎಂಟು ಮಿಸ್ತ್ರಿಗಳು ಹೇಳುವುದು ಇದೇ. ಆದರೆ ಮಷಿನ್ ಶಾಪಿನವರು ಬೇರೆ ಹೇಳಿದ್ದರು, ಕಾಗದದ ಮೇಲೆ ಚಿತ್ರ ಬರೆದು. ಈ ಇಂಜಿನ್‌ನಲ್ಲಿ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ, ಇನ್ನೊಂದು ಅಡ್ಡದಾರಿ, ನೇರ ಪಂಪಿಗೆ ವಾಪಸ್. ಇಂಜಿನ್ ತಣ್ಣಗಿದ್ದಾಗ ಅಡ್ಡದಾರಿ ತೆರೆದಿರುತ್ತದೆ. ಬಿಸಿಯಾದಾಗ ಥರ್ಮೋಸ್ಟಾಟ್ ರೇಡಿಯೇಟರ್ ದಾರಿ ತೆರೆಯುತ್ತ, ಅದರ ಕೆಳಗಿನ ಬಿಲ್ಲೆ ಅಡ್ಡದಾರಿ ಮುಚ್ಚುತ್ತದೆ. ಅದನ್ನೇ ಕಿತ್ತರೆ ಅಡ್ಡದಾರಿ ಯಾವಾಗಲೂ ತೆರೆದೇ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಸುತ್ತುತ್ತಿರುತ್ತದೆ. ಖಾಲಿ ಗಾಡಿ, ಊರೊಳಗಿನ ಓಡಾಟ, ಆಗ ತಂಪು ಅನಿಸುತ್ತದೆ. ಒಂದೂವರೆ ಟನ್ ಹೇರಿಕೊಂಡು ಏಪ್ರಿಲ್ ಮಧ್ಯಾಹ್ನ ಹೊರಟಾಗ ಬಣ್ಣ ಬಯಲು.

ಚಾಚಾಗೆ ನಾನು ಬುದ್ಧಿ ಹೇಳುವುದಾ? ಮುಜುಗರ ಆಯಿತು. ಆದರೂ 750 ರೂಪಾಯಿ ಕೊಟ್ಟು ಹೊಸದು ತಂದಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಾಕೂದs ಆದ್ರ ನೋಡಿ ಹಾಕೂಣು" ಅಂದು ಚಹಾದ ಪಾತ್ರೆಯಲ್ಲಿ ನೀರಿಟ್ಟರು. ಥರ್ಮೋಸ್ಟಾಟ್ ಬಾಯಿಗೆ ಒಂದು ದಾರ ಸಿಕ್ಕಿಸಿ, ನೀರಿನಲ್ಲಿ ತೂಗುಬಿಟ್ಟರು. ಜೊತೆಗೆ ಒಂದು ಥರ್ಮಾಮೀಟರ್. ಥರ್ಮೋಸ್ಟಾಟ್ ಮೇಲೆ 82 ಅಂತ ಕೊರೆದಿತ್ತು. ನೀರು 83ಕ್ಕೆ ಬಂದಾಗ ಬಾಯಿ ಬಿಟ್ಟು ದಾರದಿಂದ ಕಳಚಿ ಬಿತ್ತು, ಟಣ್ ಅಂತ. ಹುಡುಗ ಚಪ್ಪಾಳೆ ಹೊಡೆದ.

ಮುಚ್ಚಳ ಕೂಡ ಬದಲಿಸಿದೆವು. ರೇಡಿಯೇಟರ್ ಮುಚ್ಚಳ ಅಂದರೆ ಬರೀ ಬಿರಡೆ ಅಂತ ನಾನು ತಿಳಿದಿದ್ದೆ. ಅದು ಕುಕ್ಕರಿನ ಸೀಟಿ ಇದ್ದಂತೆ. ನೀರು ಬಯಲಿನಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಸ್ಪ್ರಿಂಗ್ ಸತ್ತ ಮುಚ್ಚಳದಲ್ಲಿ ಆ 18 ಡಿಗ್ರಿ ಹೋಯಿತು. ನನ್ನ ಮುಚ್ಚಳದ ರಬ್ಬರ್ ಬೆರಳು ಒತ್ತಿದರೆ ಪುಡಿ ಪುಡಿ. ಹೊಸದು 250 ರೂಪಾಯಿ. ಫ್ಯಾನ್, ಬೆಲ್ಟ್ ಚೆನ್ನಾಗಿದ್ದವು.

ಕೂಲೆಂಟ್ ತುಂಬುವುದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆ ಅಂತ ಗೊತ್ತಿರಲಿಲ್ಲ. ಮೊದಲು ಬರೀ ನೀರು ತುಂಬಿಸಿ, ಓಡಿಸಿ, ಇಳಿಸಿ, ತಿಳಿಯಾಗಿ ಬರುವವರೆಗೆ ನಾಲ್ಕು ಸಲ. ಆಮೇಲೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ನಿಧಾನ ಸುರಿದರು. ಗುಳ್ಳೆ ನಿಂತು ಬರೀ ಕೂಲೆಂಟ್ ಬಂದಾಗ ಸ್ಕ್ರೂ ಬಿಗಿ. ಒಳಗೆ ಗಾಳಿ ಉಳಿದರೆ ಅದು ಹೋಗಿ ಕೂರುವುದು ಹೆಡ್‌ನಲ್ಲೇ. ಹೊಸ ಹೆಡ್ ಮೊದಲ ದಿನವೇ ಹೋದ ಗಾಡಿಗಳನ್ನು ನೋಡಿದ್ದೇನೆ ಅಂದರು ಚಾಚಾ. ಆಯಿಲ್‌ನದೂ ಹಾಗೇ. ಕಡಿಮೆ ಬೆಲೆಯದು ಹಾಕಿ ಅರ್ಧ ಗಂಟೆ ಓಡಿಸಿ ಇಳಿಸಿದರು, ಹಾಲಿನ ಬಣ್ಣದ್ದು ಬಂತು. ಆಮೇಲೆ ಹೊಸ ಫಿಲ್ಟರ್, ಒಳ್ಳೇ ಆಯಿಲ್.

ಬಿಲ್ ಒಟ್ಟು 61 ಸಾವಿರ ಚಿಲ್ಲರೆ. ಅದರಲ್ಲಿ ಪಂಪ್, ಥರ್ಮೋಸ್ಟಾಟ್, ಮುಚ್ಚಳ, ಕೂಲೆಂಟ್ ಸೇರಿ ಬರೀ 5 ಸಾವಿರ. ಆ ಸಾಲನ್ನು ಚಾಚಾ ಬೇಕಂತಲೇ ಬೇರೆ ಬರೆದಿದ್ದರು ಅಂತ ನನಗೆ ಗುಮಾನಿ.

ಹನ್ನೊಂದನೇ ದಿನ ಗಾಡಿ ಬಿಟ್ಟುಕೊಟ್ಟರು. ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡು ಅಂದರು. ಮೊದಲ ಮೂರು ದಿನ ಬೆರಳಗಲ ಇಳಿಯಿತು. ನನ್ನ ಜೀವ ಕೈಗೆ ಬಂತು. ಫೋನ್ ಮಾಡಿದರೆ, ಒಳಗೆ ಉಳಿದಿದ್ದ ಗಾಳಿ ಜಾಗ ಬಿಡುತ್ತಿದೆ, ತುಂಬಿಸಿ ನೋಡು ಅಂದರು. ನಾಲ್ಕನೇ ದಿನದಿಂದ ಗೆರೆ ಹಂದಲಿಲ್ಲ. ಮೇ ತಿಂಗಳಲ್ಲಿ ಅದೇ ರಸ್ತೆಯಲ್ಲಿ ಈರುಳ್ಳಿ ಹೇರಿಕೊಂಡು ಹೋದೆ. ಮುಳ್ಳು ನಡುವಿನ ಗೆರೆಗಿಂತ ಕೂದಲೆಳೆ ಕೆಳಗೇ ನಿಂತಿತ್ತು. ಆದರೂ ಅಣ್ಣಿಗೇರಿ ದಾಟುವವರೆಗೆ ನಾನು ರಸ್ತೆ ನೋಡಿದ್ದಕ್ಕಿಂತ ಅದನ್ನು ನೋಡಿದ್ದೇ ಜಾಸ್ತಿ. ಚಹಾದ ಗುಡಿಸಲಲ್ಲಿ ನಿಲ್ಲಿಸಿದೆ. ಆಯಿ ಗುರುತು ಹಿಡಿಯಲಿಲ್ಲ, ದಿನಾ ಎಷ್ಟು ಗಾಡಿ ನೋಡುತ್ತಾಳೋ.

ಒಡೆದ ಹೆಡ್ ಈಗಲೂ ಚಾಚಾ ಗ್ಯಾರೇಜಿನ ಬಾಗಿಲಲ್ಲೇ ಇದೆ. ಕೆಂಪು ಗೆರೆ ಇನ್ನೂ ಅಳಿಸಿಲ್ಲ. ಬಿಸಿ ಗಾಡಿಗೆ ನೀರು ಸುರಿದು ಬಂದವರನ್ನು ಅದರ ಮುಂದೆ ಕೂರಿಸಿ ಆಮೇಲೆ ಚಹಾ ಹೇಳುತ್ತಾರಂತೆ. ಕಳೆದ ತಿಂಗಳು ಹೋದಾಗ, ಅಲ್ಯೂಮಿನಿಯಂಗೆ ಒಳ್ಳೇ ರೇಟ್ ಇದೆ, ಗುಜರಿಗೆ ಹಾಕಿ ನನಗೊಂದಿಷ್ಟು ರೊಕ್ಕ ಕೊಡಿ ಅಂದೆ. "ಅದು ನಿಂದಲ್ಲ ಈಗ" ಅಂದರು.